ಮೂರರಿಂದ ಐದು ವರ್ಷದ ಮಕ್ಕಳ ಜೊತೆ ನಲವತ್ತು ನಿಮಿಷದ ಸಂಗೀತ

ಈ ವಯಸ್ಸಿನ ಮಕ್ಕಳಿಗೆ ಸಂಗೀತದ ತರಗತಿ ಮಾಡುವವರು ಮೊದಲು ಬದಲಿಸಿಕೊಳ್ಳಬೇಕಾದ್ದು ಎರಡು: ತಮ್ಮ ವೇಗ, ತಮ್ಮ ಶ್ರುತಿ. ದೊಡ್ಡವರಿಗೆ ಹಾಯೆನಿಸುವ ಬಡಿತ ನಿಮಿಷಕ್ಕೆ ಸುಮಾರು 100. ಮೂರು ನಾಲ್ಕು ವರ್ಷದ ಮಗು ತಾನಾಗಿ ತಟ್ಟತೊಡಗಿದರೆ ಅದು 120ಕ್ಕಿಂತ ಮೇಲೆಯೇ ಇರುತ್ತದೆ, ಎಷ್ಟೋ ಮಕ್ಕಳದು 140, 150. ಕಾಲು ಗಿಡ್ಡ, ಹೆಜ್ಜೆ ಗಿಡ್ಡ, ಕೈ ಬೀಸುವ ಅಳತೆಯೂ ಗಿಡ್ಡ. ಮಕ್ಕಳಿಗೆ ಸುಲಭವಾಗಲಿ ಎಂದು ನಾವು ನಿಧಾನಕ್ಕೆ ತಟ್ಟಿದಷ್ಟೂ ಅವರಿಗೆ ಕಷ್ಟ. ಎರಡು ಬಡಿತಗಳ ನಡುವೆ ಅಷ್ಟು ಹೊತ್ತು ಕೈ ತಡೆದು ಹಿಡಿಯಲು ಅವರಿಗಾಗುವುದಿಲ್ಲ, ಮುಂದಿನ ಬಡಿತಕ್ಕೆ ಮೊದಲೇ ಬಂದುಬಿಡುತ್ತಾರೆ. ಅದನ್ನು ನೋಡಿ ಈ ಮಗುವಿಗೆ ಲಯಜ್ಞಾನವಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ಅನ್ಯಾಯ. ಆದ್ದರಿಂದ ನಮ್ಮ ಕ್ರಮ ಹೀಗಿದೆ: ಮೊದಲ ವಾರಗಳಲ್ಲಿ ಮಗು ತಟ್ಟಲಿ, ನಾವು ಅದರ ಜೊತೆ ತಟ್ಟುತ್ತೇವೆ. ಒಬ್ಬೊಬ್ಬರ ಸರದಿಯಲ್ಲೂ ಇಡೀ ಗುಂಪು ಆ ಮಗುವಿನ ವೇಗ ಹಿಡಿಯುತ್ತದೆ. ನಮ್ಮ ವೇಗಕ್ಕೆ ಅವರನ್ನು ಕರೆಯುವುದು ಐದಾರು ವಾರ ಕಳೆದ ಮೇಲೆ.

ಶ್ರುತಿಯ ವಿಷಯ ಇನ್ನೂ ಸೂಕ್ಷ್ಮ. ಮೂರು ನಾಲ್ಕು ವರ್ಷದ ಮಗು ನೆಮ್ಮದಿಯಾಗಿ ಹಾಡುವ ಜಾಗ ತೀರಾ ಕಿರಿದು. ಕೀಬೋರ್ಡಿನ ನಡುವಿನ ಸಿ ಮನೆಯ ಪಕ್ಕದ ಡಿಯಿಂದ ಅದರ ಮೇಲಿನ ಎವರೆಗೆ, ಅಂದರೆ ಸುಮಾರು 294 ಹರ್ಟ್ಸ್‌ನಿಂದ 440 ಹರ್ಟ್ಸ್‌ವರೆಗೆ ಐದು ಬಿಳಿ ಮನೆ. ಆ ಡಿಯನ್ನೇ ಷಡ್ಜವಾಗಿ (ಸ) ಇಟ್ಟರೆ ಮೇಲೆ ಪಂಚಮದವರೆಗೆ (ಪ) ಹೋಗಬಹುದು, ಅಷ್ಟೇ. ಸಂಗೀತ ಕಲಿತ ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆಯ ಶ್ರುತಿಗೆ, ಅಂದರೆ ನಡುವಿನ ಸಿಗಿಂತ ಕೆಳಗಿನ ಜಿ ಅಥವಾ ಅದರ ಮೇಲಿನ ಕಪ್ಪು ಮನೆಗೆ ಹಾಡುತ್ತಾರೆ. ಅವರ ಮಧ್ಯ ಷಡ್ಜ 200 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಮಗುವಿನ ಹಾಡುದನಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಇಳಿಯಲಾಗದ ಮಗು ಹಾಡುವುದನ್ನು ಬಿಟ್ಟು ಸಾಲನ್ನು ಮಾತಿನಂತೆ ಒಪ್ಪಿಸುತ್ತದೆ. ಗಂಡಸರು ಹಾಡಿದರೆ ಒಂದು ಸ್ಥಾಯಿ ಕೆಳಗಿನಿಂದ ಬರುತ್ತದೆ. ಕೆಲವು ಮಕ್ಕಳು ಅದನ್ನು ತಮ್ಮ ಸ್ಥಾಯಿಗೆ ತಾವೇ ಏರಿಸಿಕೊಳ್ಳುತ್ತಾರೆ, ಕೆಲವರು ಎಲ್ಲಿ ಸೇರಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಗಂಡು ಶಿಕ್ಷಕರು ಮೊದಲ ಸ್ವರವನ್ನು ಮಕ್ಕಳ ಸ್ಥಾಯಿಯಲ್ಲಿ ಮೆಟಲೋಫೋನಿನ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಮೇಲೆ ನುಡಿಸಿ ತೋರಿಸಿದರೆ ಸಾಕು. ಹಗುರಾಗಿ ಕಳ್ಳದನಿಯಲ್ಲಿ (ಫಾಲ್ಸೆಟೊ) ಹಾಡಬಲ್ಲವರು ಹಾಗೆಯೂ ಹಾಡಬಹುದು.

ಕೋಣೆ, ಗುಂಪು, ಹೊತ್ತು

ಒಂದು ಗುಂಪಿಗೆ ಎಂಟರಿಂದ ಹತ್ತು ಮಕ್ಕಳು, ಒಬ್ಬ ಶಿಕ್ಷಕರು, ಒಬ್ಬ ಸಹಾಯಕರು. ಆರಕ್ಕಿಂತ ಕಡಿಮೆಯಾದರೆ ಗುಂಪಿನ ಬಿಸಿ ಏರುವುದಿಲ್ಲ, ಪ್ರತಿ ಮಗುವಿಗೂ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹನ್ನೆರಡು ದಾಟಿದರೆ ಸರದಿ ಬರುವಷ್ಟರಲ್ಲಿ ಕಾಯುವಿಕೆಯೇ ತರಗತಿಯಾಗಿಬಿಡುತ್ತದೆ. ಮೂರು ತುಂಬದವರನ್ನು ತಂದೆ ಅಥವಾ ತಾಯಿಯ ಜೊತೆಗೇ ಕೂರಿಸಬೇಕು, ಅದು ಬೇರೆಯೇ ತರಗತಿ. ಮೂರರ ಮಕ್ಕಳಿಗೆ ಮೂವತ್ತು ನಿಮಿಷ ಸಾಕು. ನಾಲ್ಕೈದರವರು ನಲವತ್ತು ನಿಮಿಷ ತಡೆದಾರು, ಆದರೆ ಯಾವ ಆಟವೂ ನಾಲ್ಕೈದು ನಿಮಿಷ ಮೀರಬಾರದು. ಕೂತು ಮಾಡುವುದರ ಹಿಂದೆಯೇ ಎದ್ದು ಮಾಡುವುದು, ಜೋರಿನದರ ಹಿಂದೆ ಮೆಲ್ಲನೆಯದು.

ಹತ್ತು ಮಕ್ಕಳು ಓಡಾಡಲು 5 ಮೀಟರ್ ಅಗಲ, 6 ಮೀಟರ್ ಉದ್ದದ ಕೋಣೆ ಹದವಾಗಿರುತ್ತದೆ. ಹಾಲ್ ಇನ್ನೂ ದೊಡ್ಡದಾಗಿದ್ದರೆ ಬೆಂಚುಗಳನ್ನು ಅಡ್ಡ ಇಟ್ಟು ಅಷ್ಟಕ್ಕೇ ಕಿರಿದು ಮಾಡಿಕೊಳ್ಳಿ. ಖಾಲಿ ಜಾಗ ಕಂಡರೆ ಓಡುವುದು ಆ ವಯಸ್ಸಿನ ಧರ್ಮ. ನೆಲದ ಮೇಲೆ ಬಣ್ಣದ ಟೇಪಿನಿಂದ ದುಂಡಗೆ ಗುರುತು ಹಾಕುತ್ತೇವೆ, ಒಂದು ಗುರುತಿನಿಂದ ಇನ್ನೊಂದಕ್ಕೆ 70 ಸೆಂಟಿಮೀಟರ್. ಹನ್ನೆರಡು ಜನಕ್ಕೆ ವೃತ್ತದ ಅಡ್ಡಳತೆ ಸುಮಾರು 2.7 ಮೀಟರ್ ಆಗುತ್ತದೆ. ಇದಕ್ಕಿಂತ ಒತ್ತಾಗಿ ಕೂರಿಸಿದರೆ ಕೈ ಚಾಚಿದಾಗ ಪಕ್ಕದವರಿಗೆ ತಾಗಿ ಜಗಳ ಶುರು. ದೂರ ಕೂರಿಸಿದರೆ ಒಬ್ಬರ ದನಿ ಒಬ್ಬರಿಗೆ ಆಸರೆಯಾಗುವುದಿಲ್ಲ. ಕಾಲುಚೀಲ ಹಾಕಿಕೊಂಡ ಮಕ್ಕಳು ನಯವಾದ ನೆಲದ ಮೇಲೆ ಜಾರುತ್ತಾರೆ, ಬರಿಗಾಲೇ ವಾಸಿ. ಮಕ್ಕಳು ಬರುವ ಮೊದಲು ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತಿದ್ದರೆ ಅಕ್ಕಪಕ್ಕದ ಎರಡು ಗೋಡೆಗಳಿಗೆ ದಪ್ಪ ಬಟ್ಟೆ ಇಳಿಬಿಡಿ, ನೆಲಕ್ಕೆ ಜಮಖಾನೆ ಹಾಸಿ. ಮಾರ್ದನಿಸುವ ಕೋಣೆಯಲ್ಲಿ ಮಗುವಿಗೆ ತನ್ನ ದನಿ ಯಾವುದೆಂದೇ ತಿಳಿಯುವುದಿಲ್ಲ, ತಿಳಿಯದಿದ್ದರೆ ಸರಿಪಡಿಸಿಕೊಳ್ಳುವ ಮಾತೆಲ್ಲಿ? ವಾದ್ಯಗಳ ಪೆಟ್ಟಿಗೆ ಮುಚ್ಚಿರಲಿ, ಮೇಲೊಂದು ಬಟ್ಟೆಯೂ ಇರಲಿ.

ಹಿನ್ನೆಲೆಗೆ ಎಂದು ಧ್ವನಿಮುದ್ರಿತ ಹಾಡು ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಅದು ಯಾರಿಗೂ ಕಾಯುವುದಿಲ್ಲ. 2009ರಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಾಸೆಲ್ಲೊ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡ್ರಮ್ ಕೊಟ್ಟು ಒಮ್ಮೆ ಮನುಷ್ಯರ ಜೊತೆ, ಒಮ್ಮೆ ಬಾರಿಸುವ ಯಂತ್ರದ ಜೊತೆ, ಒಮ್ಮೆ ಸ್ಪೀಕರಿನಿಂದ ಬರುವ ಸದ್ದಿನ ಜೊತೆ ಬಾರಿಸಲು ಬಿಟ್ಟರು. ಎದುರಿಗೆ ಮನುಷ್ಯರು ಕೂತು ಬಾರಿಸಿದಾಗಲೇ ಮಕ್ಕಳು ಚೆನ್ನಾಗಿ ಹೊಂದಿಕೊಂಡರು. ವೃತ್ತದಲ್ಲಿ ಕೂತವರಿಗೆ ಇದು ಪ್ರತಿ ವಾರವೂ ಕಣ್ಣಿಗೆ ಕಾಣುತ್ತದೆ: ಮಗು ಕಿವಿಗಿಂತ ಹೆಚ್ಚಾಗಿ ನಿಮ್ಮ ಭುಜವನ್ನೂ ಮುಖವನ್ನೂ ನೋಡಿ ಬಡಿತ ಹಿಡಿಯುತ್ತಿರುತ್ತದೆ.

ಬರುವ ಹೊತ್ತು, ಹೆಸರಿನ ಹಾಡು

ಮೊದಲ ಮಗು ಒಳಗೆ ಬಂದ ಕ್ಷಣದಿಂದಲೇ ತರಗತಿ ಶುರು. ಎಲ್ಲರೂ ಬರಲಿ ಎಂದು ಕಾದರೆ ಮೊದಲು ಬಂದವರು ಕೋಣೆಯನ್ನು ಬೇರೆ ಆಟಕ್ಕೆ ಬಳಸತೊಡಗುತ್ತಾರೆ, ಮತ್ತೆ ಅವರನ್ನು ಕರೆದು ಕೂರಿಸಲು ಐದು ನಿಮಿಷ ಹೋಗುತ್ತದೆ. ನಾವು ವೃತ್ತದಲ್ಲಿ ಕೂತು ತೊಡೆ ತಟ್ಟುತ್ತಾ ಪದವಿಲ್ಲದ ರಾಗವೊಂದನ್ನು ಗುನುಗುತ್ತಿರುತ್ತೇವೆ. ಬಂದವರು ಬಂದಂತೆ ಸೇರಿಕೊಳ್ಳುತ್ತಾರೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.

ನಂತರ ಹೆಸರಿನ ಹಾಡು. ಎರಡೇ ಸ್ವರ: ಪಂಚಮದಿಂದ ಅಂತರ ಗಾಂಧಾರಕ್ಕೆ (ಪ-ಗ) ಇಳಿಯುವುದು. ದೂರದಲ್ಲಿರುವವರನ್ನು ಕೂಗಿ ಕರೆಯುವಾಗ ದನಿ ತಾನಾಗಿ ಹಿಡಿಯುವ ದಾರಿ ಇದೇ. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊದಾಯ್ (1882–1967) ಅವರ ಜಾಡಿನಲ್ಲಿ ಬೆಳೆದ ಶಿಕ್ಷಣಕ್ರಮವೂ ಈ ಎರಡು ಸ್ವರಗಳಿಂದಲೇ ಹೊರಡುತ್ತದೆ. ಶಿಕ್ಷಕರು ಮಗುವಿನ ಹೆಸರನ್ನು ಈ ಎರಡು ಸ್ವರಕ್ಕೆ ಹೊಂದಿಸಿ ಕರೆಯುತ್ತಾರೆ, ಗುಂಪು ಅದನ್ನೇ ಮರಳಿ ಹಾಡುತ್ತದೆ, ಕೊನೆಗೆ ಆ ಮಗು "ಇ-ಲ್ಲೇ" ಎಂದು ಅದೇ ಸ್ವರದಲ್ಲಿ ಉತ್ತರಿಸುತ್ತದೆ. ಉತ್ತರ ಬಾರದಿದ್ದರೆ ಮೂರು ನಾಲ್ಕು ಸೆಕೆಂಡು ಸುಮ್ಮನೆ ಕಾಯಬೇಕು. ಆ ಮೌನ ದೊಡ್ಡವರಿಗೆ ಕಿರಿಕಿರಿ, ಮಗುವಿಗೆ ಅದೇ ಬೇಕು. ಕೇಳಿದ ಸ್ವರವನ್ನು ಒಳಗೇ ಒಮ್ಮೆ ಹಾಡಿಕೊಂಡು ಹೊರಗೆ ತರಲು ಅಷ್ಟು ಹೊತ್ತು ಹಿಡಿಯುತ್ತದೆ. ಆಗಲೂ ಬಾರದಿದ್ದರೆ ಕೈಗೊಂಬೆಯೊಂದು ಮಗುವಿನ ಪರವಾಗಿ ಹಾಡುತ್ತದೆ, ಸರದಿ ಮುಂದಕ್ಕೆ ಹೋಗುತ್ತದೆ. "ಹೇಳು ಪುಟ್ಟಾ, ಹೇಳು" ಎಂದು ಮೂರು ಸಲ ಒತ್ತಾಯಿಸಿದರೆ ಮುಂದಿನ ವಾರ ಆ ಮಗು ಬಾಗಿಲಲ್ಲೇ ಅಳುತ್ತದೆ.

ಹಾಡುವ ದನಿಯನ್ನು ಹುಡುಕಿಕೊಡುವುದು

ಈ ವಯಸ್ಸಿನಲ್ಲಿ ಅಪಸ್ವರ ಎಂದು ಕಾಣುವುದರಲ್ಲಿ ಬಹುಪಾಲು ಕಿವಿಯ ತೊಂದರೆಯಲ್ಲ. ಮಾತಿನ ದನಿ ಮತ್ತು ಹಾಡಿನ ದನಿ ಬೇರೆ ಬೇರೆ ಎಂಬುದೇ ಮಗುವಿನ ಅನುಭವಕ್ಕೆ ಇನ್ನೂ ಬಂದಿರುವುದಿಲ್ಲ. ಅದನ್ನು ವಿವರಿಸಿ ಪ್ರಯೋಜನವಿಲ್ಲ, ಆಡಿಸಬೇಕು. ಒಂದೇ ಸಾಲನ್ನು ಪಿಸುಮಾತಿನಲ್ಲಿ, ಮಾತಿನಲ್ಲಿ, ಕೂಗಿ ಕರೆಯುವ ದನಿಯಲ್ಲಿ, ಹಾಡಿನಲ್ಲಿ, ಹೀಗೆ ನಾಲ್ಕು ಬಗೆಯಲ್ಲಿ ಹೇಳಿಸುತ್ತೇವೆ. ಇನ್ನೊಂದು ಆಟಕ್ಕೆ 60 ಸೆಂಟಿಮೀಟರ್ ಚೌಕದ ತೆಳು ಬಟ್ಟೆ ಬೇಕು. ಬಟ್ಟೆಯನ್ನು ಮೇಲಕ್ಕೆ ಎಸೆದಾಗ ದನಿ "ಊ" ಎಂದು ಏರುತ್ತದೆ, ಬಟ್ಟೆ ತೇಲುತ್ತಾ ಇಳಿದಂತೆ ದನಿಯೂ ಇಳಿಯುತ್ತದೆ, ನೆಲ ಮುಟ್ಟಿದಾಗ ನಿಲ್ಲುತ್ತದೆ. ಗಂಟಲಿನಲ್ಲೇ ಸಿಕ್ಕಿಕೊಂಡಿದ್ದ ಮಗು ಈ ಆಟದಲ್ಲಿ ತನಗೇ ಗೊತ್ತಿಲ್ಲದೆ ಮೇಲಿನ ಹಗುರ ದನಿಗೆ ದಾಟುತ್ತದೆ. ದಾಟಿದ ಆ ಕ್ಷಣವನ್ನು ಹಿಡಿದು ಅಲ್ಲಿಂದಲೇ ಎರಡು ಸ್ವರದ ಕರೆ ಹಾಡಿಸಿದರೆ ಎಷ್ಟೋ ಸಲ ಶ್ರುತಿ ಸೇರಿಬಿಡುತ್ತದೆ. ಇಡೀ ತರಗತಿಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಐದು ನಿಮಿಷ ಇದು.

"ಜೋರಾಗಿ ಹಾಡಿ, ಕೇಳಿಸ್ತಿಲ್ಲ" ಎಂಬ ಮಾತಿನಷ್ಟು ಕೆಡುಕು ಮಾಡುವುದು ಬೇರೊಂದಿಲ್ಲ. ಜೋರು ಕೇಳಿದರೆ ಮಗು ಕಿರುಚುತ್ತದೆ. ಕಿರುಚುವ ದನಿಯಲ್ಲಿ ಸ್ವರ ಬದಲಾಯಿಸಲಾಗದು, ಅದೂ ಅಲ್ಲದೆ ಪಕ್ಕದವರದು ಕೇಳಿಸದು. ನಾವು ಮೆಲ್ಲಗೆ ಹಾಡಿದರೆ ಅವರೂ ಮೆಲ್ಲಗೆ ಹಾಡುತ್ತಾರೆ.

ಹೊಸ ಹಾಡು ವಾರಕ್ಕೆ ಒಂದೇ. ನಾಲ್ಕು ಸಾಲು, ಪ್ರತಿ ಸಾಲಿಗೆ ನಾಲ್ಕು ಬಡಿತ, ಒಟ್ಟು ಹದಿನಾರು. ಸಾಲುಸಾಲಾಗಿ ಹೇಳಿಕೊಟ್ಟು ಒಪ್ಪಿಸಿಕೊಳ್ಳುವ ಪದ್ಧತಿ ಇಲ್ಲಿ ಸಲ್ಲದು. ತುಂಡು ತುಂಡಾಗಿ ಕಲಿತದ್ದು ತುಂಡಾಗಿಯೇ ಉಳಿಯುತ್ತದೆ, ಪ್ರತಿ ಸಾಲಿನ ಕೊನೆಯಲ್ಲೂ ಮಗು ನಿಮ್ಮ ಮುಖ ನೋಡುತ್ತದೆ. ಇಡೀ ಹಾಡನ್ನೇ ಮೂರು ನಾಲ್ಕು ಸಲ ಹಾಡುತ್ತೇವೆ, ಪ್ರತಿ ಸಲವೂ ಬೇರೆ ಕೆಲಸ ಕೊಟ್ಟು. ಒಮ್ಮೆ ತೊಡೆ ತಟ್ಟುವುದು, ಒಮ್ಮೆ ಒಂದು ಪದ ಬಂದಾಗ ತಲೆ ಮೇಲೆ ಕೈ ಇಡುವುದು, ಒಮ್ಮೆ ಕಣ್ಣು ಮುಚ್ಚಿ ತೂಗಾಡುವುದು. ಕಿವಿಗೆ ಬಿದ್ದ ಮೇಲೆ ಪ್ರತಿ ಸಾಲಿನ ಕೊನೆಯ ಪದವನ್ನು ನಾವು ಬಿಟ್ಟುಬಿಡುತ್ತೇವೆ, ಅದನ್ನು ಅವರು ತುಂಬುತ್ತಾರೆ. ಮಕ್ಕಳಿಗೆ ಮೊದಲು ಬರುವುದು ಪದ, ಆಮೇಲೆ ಪದದ ನಡೆ, ಆಮೇಲೆ ರಾಗದ ಏರಿಳಿತದ ಅಂದಾಜು, ಎಲ್ಲಕ್ಕಿಂತ ಕೊನೆಗೆ ಖಚಿತ ಸ್ವರ. ಎರಡನೇ ವಾರದಲ್ಲೇ ಸ್ವರ ತಿದ್ದಲು ಹೊರಟವರು ಇನ್ನೂ ಬರದೇ ಇರುವುದನ್ನು ತಿದ್ದುತ್ತಿರುತ್ತಾರೆ. ಪದವಿಲ್ಲದ ಹಾಡುಗಳೂ ಇರಲಿ, ಬರೀ "ಲಾ", ಬರೀ "ಬಂ". ಪದವಿದ್ದಾಗ ಮಗುವಿನ ಗಮನವನ್ನೆಲ್ಲ ಕಥೆಯೇ ಎಳೆದುಕೊಳ್ಳುತ್ತದೆ, ಪದ ತೆಗೆದರೆ ರಾಗಕ್ಕೆ ಕಿವಿ ತೆರೆಯುತ್ತದೆ.

ಮೂರನೇ ನಾಲ್ಕನೇ ವಾರದಿಂದ ಶಿಕ್ಷಕರು ಹಾಡುವುದನ್ನು ಕಡಿಮೆ ಮಾಡಬೇಕು. ಯಾವಾಗಲೂ ಜೊತೆಗೆ ಹಾಡುತ್ತಿದ್ದರೆ ಎರಡು ನಷ್ಟ: ಮಕ್ಕಳು ನಮ್ಮ ದನಿಯ ಹಿಂದೆ ಅಡಗುತ್ತಾರೆ, ಅವರು ನಿಜವಾಗಿ ಏನು ಹಾಡುತ್ತಿದ್ದಾರೆಂದು ನಮಗೂ ತಿಳಿಯುವುದಿಲ್ಲ.

ಬಡಿತ ಮೈಗೆ ಬರುವುದು

ಚಪ್ಪಾಳೆಯಿಂದ ಶುರು ಮಾಡುವುದು ವಾಡಿಕೆ, ಆದರೆ ಚಪ್ಪಾಳೆ ಸುಲಭವಲ್ಲ. ಚಲಿಸುವ ಎರಡು ಕೈಗಳು ಗಾಳಿಯಲ್ಲಿ ಒಂದನ್ನೊಂದು ಹುಡುಕಿ ಸೇರಬೇಕು. ತೊಡೆ ಹಾಗಲ್ಲ, ಇದ್ದಲ್ಲೇ ಇರುತ್ತದೆ. ಹಾಗಾಗಿ ಮೊದಲು ಎರಡೂ ಕೈಯಿಂದ ಒಟ್ಟಿಗೆ ತೊಡೆ, ಆಮೇಲೆ ಭುಜ, ತಲೆ, ಹೊಟ್ಟೆ, ನಂತರ ಚಪ್ಪಾಳೆ, ಎಡ ಬಲ ಒಂದಾದ ಮೇಲೊಂದು ತಟ್ಟುವುದು ಎಲ್ಲಕ್ಕಿಂತ ಕೊನೆಗೆ. ನಾಲ್ಕು ವರ್ಷದ ಮಗುವಿನ ಎಡಬಲ ತಟ್ಟು ಎರಡು ಮೂರು ಸುತ್ತಿನಲ್ಲೇ ಒಟ್ಟಿಗೆ ಆಗಿಬಿಟ್ಟರೆ ಗಾಬರಿ ಬೇಡ, ಮತ್ತೆ ಎರಡೂ ಕೈಗೆ ಮರಳಿ.

ಬಡಿತ ನಿಂತ ಮೇಲೆ ಪದಗಳ ಆಟ. "ಆ-ನೆ" ಎಂದರೆ ಎರಡು ಭಾರದ ಹೆಜ್ಜೆ. ಅದೇ ಹೊತ್ತಿನಲ್ಲಿ "ಇಲಿಮರಿ" ಎಂದರೆ ನಾಲ್ಕು ಪುಟ್ಟ ಹೆಜ್ಜೆ. ಅರ್ಧ ಗುಂಪು ಆನೆ, ಅರ್ಧ ಗುಂಪು ಇಲಿಮರಿ, ಮೊದಲು ಬಾಯಲ್ಲಿ, ಆಮೇಲೆ ಕೈಯಲ್ಲಿ, ಕೊನೆಗೆ ಕಾಲಲ್ಲಿ. ಇದಾದ ಮೇಲೆ "ತಕದಿಮಿ", "ತಕಿಟ" ಬಾಯಿಗೆ ತಾನೇ ಕೂರುತ್ತವೆ. ನಾಲ್ಕರ ನಡೆಯಿಂದ ಮೂರರ ನಡೆಗೆ ಬದಲಾದಾಗ ಮೈ ತೂಗುವ ರೀತಿಯೇ ಬೇರೆಯಾಗುವುದನ್ನು ಮಕ್ಕಳು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ಹೆಸರುಗಳನ್ನು ಈಗ ಹೇಳಬೇಡಿ. ಮಾತ್ರೆ, ಅಕ್ಷರ, ತಾಳ ಎಂಬ ಪದಗಳು ಮಾಡಿದ್ದನ್ನು ಗುರುತಿಸಲು ಬೇಕಾಗುತ್ತವೆ, ಮಾಡುವ ಮೊದಲಲ್ಲ.

ಓಡಾಟದ ಆಟಗಳಲ್ಲಿ ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ದಾಲ್ಕ್ರೋಜ್ (1865–1950) ತೋರಿದ ದಾರಿ ಇಂದಿಗೂ ಗಟ್ಟಿ: ಕೇಳಿಸಿದ್ದು ಮೊದಲು ಮೈಯಲ್ಲಿ ಕಾಣಬೇಕು. ಕೈಡ್ರಮ್ಮಿನ ಒಂದು ನಡೆಗೆ ನಡಿಗೆ, ಇನ್ನೊಂದಕ್ಕೆ ಓಟ, ಮೂರನೆಯದಕ್ಕೆ ಕುದುರೆ ಓಟ, ಸದ್ದು ನಿಂತರೆ ಕಲ್ಲಿನಂತೆ ನಿಲ್ಲುವುದು. ಮೊದಲು ಎಲ್ಲವೂ ನಿಂತಲ್ಲೇ ಮಾಡಿಸಿ, ಆಮೇಲೆ ಕೋಣೆ ಬಿಟ್ಟುಕೊಡಿ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವ ನಿಯಮ ಮೊದಲ ದಿನವೇ ಬೇಕು, ಇಲ್ಲದಿದ್ದರೆ ಹಣೆಗೆ ಹಣೆ ಬಡಿಯುತ್ತದೆ. ನಿಲ್ಲುವ ಆಟದಲ್ಲಿ ತಪ್ಪಿದವರನ್ನು ಹೊರಗೆ ಕೂರಿಸುವುದು, ಕುರ್ಚಿ ಕಡಿಮೆ ಮಾಡಿ ಒಬ್ಬೊಬ್ಬರನ್ನೇ ಕಳೆಯುವುದು ನಮ್ಮಲ್ಲಿಲ್ಲ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಮೊದಲು ಹೊರಗಾಗುತ್ತಾರೆ. ಕುರ್ಚಿಗಳು ಕಡಿಮೆಯಾಗಲಿ, ಮಕ್ಕಳು ಕಡಿಮೆಯಾಗದಿರಲಿ. ಕೊನೆಗೆ ಉಳಿದ ಎರಡು ಕುರ್ಚಿಗಳ ಮೇಲೆ ಹತ್ತೂ ಮಂದಿ ಹೇಗಾದರೂ ಹೊಂದಿಕೊಂಡು ನಿಲ್ಲುವುದೇ ಆಟ. ಸಹಾಯಕರು ಕುರ್ಚಿ ಹಿಡಿದುಕೊಂಡಿರಬೇಕು.

ವಾದ್ಯ ಕೈಗೆ ಕೊಡುವಾಗ

ವಾದ್ಯ ಬರುವುದು ತರಗತಿಯ ನಡುವೆ, ಮೈಯಲ್ಲಿ ಬಡಿತ ಕೂತ ಮೇಲೆ. ಆರಂಭದಲ್ಲೇ ಕೊಟ್ಟರೆ ಮುಂದಿನ ಮೂವತ್ತು ನಿಮಿಷ ಮಕ್ಕಳ ಕಣ್ಣು ಪೆಟ್ಟಿಗೆಯ ಮೇಲೇ ಇರುತ್ತದೆ.

ಹತ್ತು ಮಕ್ಕಳ ಗುಂಪಿಗೆ ನಾವಿಡುವುದು ಇಷ್ಟು: ಹನ್ನೆರಡು ಜೊತೆ ಗಿಲಕಿ, ಹನ್ನೆರಡು ಜೊತೆ ಕೋಲು, 20ರಿಂದ 25 ಸೆಂಟಿಮೀಟರ್ ಅಗಲದ ಐದು ಕೈಡ್ರಮ್ಮು, ಒಂದು ಟ್ರಯಾಂಗಲ್, ಒಂದು ಮೆಟಲೋಫೋನ್, ನೆಲಕ್ಕಿಡುವ ಒಂದು ದೊಡ್ಡ ಡ್ರಮ್ಮು. ಗಿಲಕಿಯೂ ಕೋಲೂ ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ. ಕೆಂಪು ಒಂದೇ ಒಂದಿದ್ದರೆ ಆ ದಿನದ ಪಾಠ ಕೆಂಪಿನ ಜಗಳದಲ್ಲೇ ಮುಗಿಯುತ್ತದೆ. ಬಾಯಿಟ್ಟು ಊದುವ ಯಾವುದೂ ಬೇಡ, ಒಂದರಿಂದ ಇನ್ನೊಂದು ಬಾಯಿಗೆ ಹೋಗುತ್ತದೆ. ಕೋಲು 20 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ದಪ್ಪ, ತುದಿ ಉಜ್ಜಿ ದುಂಡಾಗಿಸಿದ್ದು. ಇನ್ನೂ ಉದ್ದವಾದರೆ ತುದಿ ಪಕ್ಕದವರ ಕಣ್ಣಿನ ಎತ್ತರಕ್ಕೆ ಬರುತ್ತದೆ. ಮೊದಲ ಕೆಲವು ವಾರ ಒಂದು ಕೋಲು ನೆಲದ ಮೇಲೆ ಮಲಗಿರುತ್ತದೆ, ಇನ್ನೊಂದು ಅದನ್ನು ತಟ್ಟುತ್ತದೆ.

ಗಿಲಕಿಯನ್ನು ಮಾಡಿಕೊಳ್ಳಬಹುದು. 100 ಮಿಲಿಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಕಾಲು ಭಾಗದಷ್ಟು ಮಾತ್ರ ತುಂಬಿ. ಅರ್ಧ ದಾಟಿದರೆ ಒಳಗಿನದಕ್ಕೆ ಓಡಾಡಲು ಜಾಗವಿಲ್ಲದೆ ಸದ್ದು ಮಂಕಾಗುತ್ತದೆ. ಮರಳು ಹಾಕಿದ್ದು ಸುಯ್ಗುಡುತ್ತದೆ, ಸಣ್ಣ ಕಲ್ಲು ಖಟಖಟ, ಮಣಿ ಇವೆರಡರ ನಡುವೆ. ಮುಚ್ಚಳದ ತಿರುಪಿಗೆ ಅಂಟು ಹಚ್ಚಿ ಬಿಗಿ ಮಾಡಿ, ಒಂದು ದಿನ ಒಣಗಿಸಿ, ಮೇಲೆ ಟೇಪ್ ಸುತ್ತಿ. ಬರೀ ಟೇಪ್ ಸಾಲದು, ಬೆವರಿಗೆ ಸಡಿಲಾಗುತ್ತದೆ. ಮೂರಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗೆ ಬಳಸುವ ಪರೀಕ್ಷಾ ಕೊಳವೆಯ ಒಳಗಲ 31.7 ಮಿಲಿಮೀಟರ್, ಅದರೊಳಗೆ ಪೂರ್ತಿ ಇಳಿಯುವ ತುಂಡು ಗಂಟಲಿಗೆ ಅಪಾಯ ಎಂದು ಲೆಕ್ಕ. ನಾಲ್ಕರ ಮಕ್ಕಳೂ ವಸ್ತುಗಳನ್ನು ಬಾಯಿಗಿಡುತ್ತಾರೆ, ಆದ್ದರಿಂದ ಅದೇ ಅಳತೆ ನಮಗೂ. ಗೆಜ್ಜೆಗಳನ್ನು ಎಲಾಸ್ಟಿಕ್ಕಿಗೆ ಅಂಟಿಸದೆ ದಪ್ಪ ಬಟ್ಟೆಗೆ ದಾರದಿಂದ ಹೊಲಿದು, ಪ್ರತಿ ತರಗತಿಯ ಮೊದಲು ಒಂದೊಂದನ್ನೂ ಎಳೆದು ನೋಡಬೇಕು.

ಹಂಚುವ ಮೊದಲೇ, ಖಾಲಿ ಕೈಯಲ್ಲೇ, ನಿಲ್ಲಿಸುವ ಸಂಜ್ಞೆಯ ಅಭ್ಯಾಸವಾಗಿರಬೇಕು. ಶಿಕ್ಷಕರ ಎರಡೂ ಅಂಗೈ ಮೇಲೆ ಹೋದರೆ ಗಿಲಕಿಗಳು ಮಡಿಲಲ್ಲಿ ಮಲಗುತ್ತವೆ. ಆಮೇಲೆ ಬುಟ್ಟಿ ವೃತ್ತದಲ್ಲಿ ಕೈಯಿಂದ ಕೈಗೆ ಸಾಗಲಿ. ಶಿಕ್ಷಕರೇ ಒಬ್ಬೊಬ್ಬರಿಗೂ ಕೊಡುತ್ತಾ ಹೋದರೆ ಕೊನೆಯ ಮಗುವಿಗೆ ತಲುಪುವಷ್ಟರಲ್ಲಿ ಮೊದಲ ಮಗುವಿನದು ಕೋಣೆಯ ಆ ತುದಿಯಲ್ಲಿರುತ್ತದೆ. ಎಲ್ಲರ ಕೈಗೂ ಬಂದ ಮೇಲೆ ಇಪ್ಪತ್ತು ಮೂವತ್ತು ಸೆಕೆಂಡು ಮನಸಾರೆ ಬಾರಿಸಲು ಬಿಟ್ಟುಬಿಡಿ. ಹೊಸ ವಸ್ತು ಕೈಯಲ್ಲಿದ್ದಾಗ ಮಾತು ಕೇಳು ಎಂದರೆ ಯಾರಿಂದಲೂ ಆಗದು. ಆ ಹಸಿವು ತೀರಿದ ಮೇಲೆ ಸಂಜ್ಞೆ, ಮೌನ, ಆಟ. ಹಿಂತೆಗೆದುಕೊಳ್ಳಲು ಪ್ರತಿ ವಾರವೂ ಅದೇ ಒಂದು ಪುಟ್ಟ ರಾಗ, ಬುಟ್ಟಿ ಮತ್ತೊಂದು ಸುತ್ತು. ಬಿಡಲು ಮನಸ್ಸಿಲ್ಲದ ಮಗುವಿಗೆ ಬುಟ್ಟಿ ಎರಡನೇ ಸಲ ಬರುತ್ತದೆ. ಎರಡನೇ ಸಲ ಹೆಚ್ಚುಕಡಿಮೆ ಎಲ್ಲರೂ ಹಾಕುತ್ತಾರೆ.

ಗಟ್ಟಿ ಗೋಡೆಯ ಕೋಣೆಯಲ್ಲಿ ಹತ್ತು ಜೊತೆ ಕೋಲು ಒಟ್ಟಿಗೆ ಬಡಿದರೆ ಸದ್ದು ಕಿವಿಗೆ ಅಪಾಯದ ಗಡಿ ಎನ್ನುವ 85 ಡೆಸಿಬಲ್ ದಾಟುವುದು ಸುಲಭ. ಒಂದು ತೋಳಿನ ದೂರದಲ್ಲಿರುವವರ ಜೊತೆ ದನಿ ಏರಿಸಿ ಮಾತಾಡಬೇಕಾಗಿ ಬಂದರೆ ಅರ್ಧ ವಾದ್ಯಗಳನ್ನು ಒಳಗಿಡಿ: ಅರ್ಧ ಗುಂಪು ಬಾರಿಸಲಿ, ಅರ್ಧ ಗುಂಪು ಕುಣಿಯಲಿ, ಆಮೇಲೆ ಅದಲು ಬದಲು.

ಮೆಟಲೋಫೋನ್ ಕೊಳ್ಳುವವರು ಪಟ್ಟಿಗಳನ್ನು ಎತ್ತಿ ತೆಗೆಯಬಹುದಾದದ್ದನ್ನೇ ಕೊಳ್ಳಬೇಕು. ಜರ್ಮನಿಯ ಕಾರ್ಲ್ ಓರ್ಫ್ (1895–1982) ಮತ್ತು ಗುನಿಲ್ಡ್ ಕೀಟ್‌ಮನ್ ಬೆಳೆಸಿದ ಕ್ರಮದಲ್ಲಿ ಇದೇ ದೊಡ್ಡ ಅನುಕೂಲ. ಸಪ್ತಕದಿಂದ ಮಧ್ಯಮ, ನಿಷಾದ ತೆಗೆದರೆ ಉಳಿಯುವುದು ಮೋಹನ ರಾಗದ ಐದು ಸ್ವರ. ಅವುಗಳಲ್ಲಿ ಯಾವುದರ ಮೇಲೆ ಯಾವುದು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ, ಹಾಗಾಗಿ ಮಗು ಭಯವಿಲ್ಲದೆ ತನಗೆ ತೋಚಿದ್ದನ್ನು ನುಡಿಸಬಹುದು. ಏರಿಳಿತ ತೋರಿಸುವಾಗ ವಾದ್ಯವನ್ನು ಮಲಗಿಸಿಟ್ಟರೆ ಸ್ವರ ಎಡದಿಂದ ಬಲಕ್ಕೆ ಹೋದಂತೆ ಕಾಣುತ್ತದೆಯೇ ಹೊರತು ಮೇಲೆ ಹೋದಂತಲ್ಲ. ಉದ್ದದ ಪಟ್ಟಿ ಕೆಳಗೆ, ಗಿಡ್ಡದ್ದು ಮೇಲೆ ಬರುವಂತೆ ನಿಲ್ಲಿಸಿ ಹಿಡಿಯಿರಿ. ತಗ್ಗಿನ ಸ್ವರವನ್ನು ಜೋರಾಗಿ, ಮೇಲಿನ ಸ್ವರವನ್ನು ಮೆಲ್ಲಗೆ ನುಡಿಸಿಯೂ ಕೇಳಿಸಿ, ಇಲ್ಲದಿದ್ದರೆ ಜೋರೇ ಎತ್ತರ ಎಂದು ಮಕ್ಕಳು ನಂಬುತ್ತಾರೆ.

ಎಲ್ಲ ಮುಗಿದ ಮೇಲೆ ನೆಲದ ಮೇಲೆ ಮಲಗಿ ಕೇಳುವ ಮೂರು ನಿಮಿಷ. ಟ್ರಯಾಂಗಲ್ ಒಮ್ಮೆ ಬಾರಿಸಿ, ನಾದ ಪೂರ್ತಿ ಕರಗಿತು ಅನ್ನಿಸಿದಾಗ ಕೈ ಎತ್ತಬೇಕು. ಇಷ್ಟು ಹೊತ್ತು ಓಡಿದ ಮಕ್ಕಳೇ ಇಲ್ಲಿ ಉಸಿರು ಬಿಗಿಹಿಡಿದು ಕೇಳುತ್ತಾರೆ. ಬಟ್ಟೆಯ ಮರೆಯಲ್ಲಿ ಬಾರಿಸಿದ್ದು ಯಾವ ವಾದ್ಯ ಎಂದು ಗುರುತಿಸುವ ಆಟವನ್ನೂ ಇಲ್ಲೇ ಸೇರಿಸಬಹುದು, ಮೊದಲು ತೀರಾ ಬೇರೆ ಸದ್ದಿನ ಎರಡೇ ವಾದ್ಯಗಳಿಂದ.

ಸೇರದ ಮಗು, ಕಾಯುವ ಪೋಷಕರು

ಪ್ರತಿ ಗುಂಪಿನಲ್ಲೂ ವಾರಗಟ್ಟಲೆ ಬರೀ ನೋಡುತ್ತಾ ಕೂರುವ ಒಂದಿಬ್ಬರು ಇರುತ್ತಾರೆ. ಅವರು ಕಲಿಯುತ್ತಿಲ್ಲ ಎಂದುಕೊಳ್ಳಬೇಡಿ. ಅದೇ ಮಗು ಮನೆಯಲ್ಲಿ ಇಡೀ ತರಗತಿಯನ್ನು ಗೊಂಬೆಗಳ ಎದುರು ನಡೆಸುತ್ತದೆ ಎಂದು ಪೋಷಕರು ಹೇಳುವುದು ತೀರಾ ಸಾಮಾನ್ಯ. ಅದಕ್ಕೆ ಕೆಲಸ ಕೊಡಿ, ಗಮನ ಕೊಡಬೇಡಿ: ಬುಟ್ಟಿ ಹಿಡಿದುಕೊಳ್ಳುವುದು, ದೀಪ ಆರಿಸುವುದು. ಕಿವಿ ಮುಚ್ಚಿಕೊಳ್ಳುವ ಮಗುವಿನ ವಿಷಯ ಬೇರೆ. ಅದಕ್ಕೆ ಸದ್ದು ನಿಜವಾಗಿಯೂ ನೋಯಿಸುತ್ತಿರಬಹುದು. ಬಾಗಿಲ ಹತ್ತಿರದ ಗುರುತಿನಲ್ಲಿ ಕೂರಿಸಿ, ಜೋರು ಸದ್ದಿನ ಮೊದಲು ಹೇಳಿ, ಕಿವಿಯ ರಕ್ಷಾಕವಚ ಕೈಗೆಟುಕುವಲ್ಲಿರಲಿ. ಶ್ರವಣ ಸಾಧನ ಹಾಕಿದ ಮಗು ನೆಲದ ಡ್ರಮ್ಮಿನ ಪಕ್ಕ ಕೂತು ಅಂಗೈ ಅದರ ಮೈಗಿಟ್ಟರೆ ಬಡಿತ ಕೈಯಿಂದಲೇ ತಲುಪುತ್ತದೆ.

ಪೋಷಕರು ವೃತ್ತದಲ್ಲಿ ಕೂತರೆ ಹಾಡಬೇಕು, ತಟ್ಟಬೇಕು; ಫೋನ್ ಹೊರಗೆ. ಮಗುವಿನ ಕೈ ಹಿಡಿದು ತಟ್ಟಿಸುವುದು ಮಾತ್ರ ಬೇಡ, ಏಕೆಂದರೆ ಆಗ ಬಡಿತವನ್ನು ಹುಡುಕುವ ಕೆಲಸ ಮಗುವಿನಿಂದ ಕೈತಪ್ಪಿ ಹೋಗುತ್ತದೆ. ಸಂಗೀತದಿಂದ ಬುದ್ಧಿ ಚುರುಕಾಗುತ್ತದೆಯೇ ಎಂದು ಅವರು ಕೇಳಿದರೆ ನೇರವಾಗಿ ಹೇಳಿ. ಮೊಟ್ಸಾರ್ಟ್ ಕೇಳಿಸಿದರೆ ಮಕ್ಕಳು ಜಾಣರಾಗುತ್ತಾರೆ ಎಂಬ ಮಾತಿನ ಬೇರು 1993ರ ಒಂದು ಪ್ರಯೋಗ. ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದದ್ದು, ಪರಿಣಾಮ ಕಂಡದ್ದು ಹತ್ತು ಹದಿನೈದು ನಿಮಿಷ. ಗುಂಪಿನಲ್ಲಿ ಹಾಡುವುದರಿಂದ ಆಗುವ ಬೇರೊಂದನ್ನು ಧೈರ್ಯವಾಗಿ ಹೇಳಬಹುದು: ಕಿರ್ಶ್ನರ್ ಮತ್ತು ಟೊಮಾಸೆಲ್ಲೊ 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಜೊತೆಯಾಗಿ ಹಾಡಿ ಕುಣಿದ ನಾಲ್ಕು ವರ್ಷದ ಮಕ್ಕಳು ಆನಂತರ, ಸಂಗೀತವಿಲ್ಲದೆ ಆಡಿದವರಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ನೆರವಾದರು.

ಪ್ರತಿ ತರಗತಿಯಲ್ಲೂ ಮೂರು ಮಕ್ಕಳನ್ನು ಮಾತ್ರ ಗಮನವಿಟ್ಟು ನೋಡಿ, ಮುಗಿದ ತಕ್ಷಣ ಎರಡೆರಡು ಸಾಲು ಬರೆದಿಡುತ್ತೇವೆ: ಬಡಿತವನ್ನು ಎಂಟರವರೆಗೆ ಬಿಡದೆ ಹಿಡಿದರೇ, ಎರಡು ಸ್ವರದ ಕರೆಗೆ ಅದೇ ಸ್ವರದಲ್ಲಿ ಉತ್ತರಿಸಿದರೇ, ಸದ್ದು ನಿಂತಾಗ ನಿಂತರೇ. ಹತ್ತು ಹನ್ನೆರಡು ವಾರದ ಕೊನೆಗೆ ವೇದಿಕೆಯ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಕೊನೆಯ ನಾಲ್ಕು ವಾರ ಸಾಲಾಗಿ ನಿಲ್ಲುವ ತಾಲೀಮಿನಲ್ಲೇ ಕಳೆಯುತ್ತದೆ. ಅದರ ಬದಲು ಕೊನೆಯ ತರಗತಿಗೆ ಪೋಷಕರನ್ನು ಒಳಗೆ ಕರೆದು, ಪ್ರತಿ ಮಗುವಿನ ಹಿಂದೆ ಅವರನ್ನು ಕೂರಿಸಿ, ಎಂದಿನ ಆಟಗಳನ್ನೇ ಎಂದಿನ ಕ್ರಮದಲ್ಲೇ ನಡೆಸುತ್ತೇವೆ. ವೇಗ ಕೊಡುವವರು ಮಕ್ಕಳು, ಹಿಡಿಯುವವರು ದೊಡ್ಡವರು. ವಾದ್ಯದ ಪಾಠಕ್ಕೆ ಈಗಲೇ ಸೇರಿಸೋಣವೇ ಎಂಬ ಪ್ರಶ್ನೆ ಅಂದೇ ಬರುತ್ತದೆ. ಬರೆದಿಟ್ಟ ಹಾಳೆ ತೆಗೆದು ತೋರಿಸಿ: ಮೂರರಲ್ಲಿ ಎರಡಕ್ಕಾದರೂ ಹೌದು ಎಂದಿದ್ದು, ಮಗು ತಾನಾಗಿ ಒಂದು ವಾದ್ಯದ ಹೆಸರು ಹೇಳುತ್ತಿದ್ದರೆ ಸೇರಿಸಬಹುದು, ಇಲ್ಲವಾದರೆ ಇದೇ ವೃತ್ತದಲ್ಲಿ ಇನ್ನೊಂದು ಸುತ್ತು.